ಅಬ್ದುಲ್ ತವ್ವಾಬನ ತಪ್ಪುಗಳು

ನವೆಂಬರ್ 3, ಸೋಮವಾರ

ಇಂದಿನಿಂದ ತವ್ವಾಬನ ತಪ್ಪುಗಳನ್ನು ತಾರೀಕು ಸಮೇತ ಬರೆದಿಡುತ್ತೇನೆ. ಈ ಪುಸ್ತಕ ನನ್ನ ಕಣ್ಣಿಗೆ ಮಾತ್ರ. ತಿಂಗಳ ಕೊನೆಗೆ ಇದರಿಂದ ಆಯ್ದು ಒಂದು ಚೊಕ್ಕ ಅರ್ಜಿ ತಯಾರಿಸುವುದು ನನ್ನ ಯೋಜನೆ. ನ್ಯಾಯವಾಗಿಯೇ ಬರೆಯುತ್ತೇನೆ, ಒಂದಕ್ಕೆ ಎರಡು ಸೇರಿಸುವುದಿಲ್ಲ. ಸೇರಿಸುವ ಅಗತ್ಯವೂ ಬೀಳಲಾರದು.

ಬೆಳಿಗ್ಗೆ ರಬಾಬ್ ಡಾಕ್ಟರಮ್ಮ ಗುಡ್ಡ ಹತ್ತಿ ಬಂದರು. ಇವರು ಮದ್ದು ಕೊಡುವ ಡಾಕ್ಟರಲ್ಲ, ಹಳೆಯ ಕಲ್ಲು ಓದುವ ಡಾಕ್ಟರು. ವಯಸ್ಸಿನಲ್ಲಿ ನನ್ನ ಹಿರಿಯ ಮಗಳಿಗಿಂತ ಚಿಕ್ಕವರು, ಆದರೆ ಈ ಸಾಲಿನ ಹದಿನಾಲ್ಕು ಗೋರಿಗಳಿಗೂ ಅವರೇ ಇನ್‌ಸ್ಪೆಕ್ಟರು. ನಮ್ಮಿಬ್ಬರನ್ನೂ ಬಾಗಿಲ ಮುಂದೆ ನಿಲ್ಲಿಸಿಕೊಂಡು ಹೇಳಿದರು: "ನಿಮ್ಮ ಗೋರಿಗೆ ಈ ತಿಂಗಳೊಳಗೆ ಕರೆಂಟು ಬರತ್ತೆ. ಆಮೇಲೆ ಇಲ್ಲಿ ಇಬ್ಬರಿಗೆ ಕೆಲಸ ಇರಲ್ಲ. ಒಬ್ಬರು ಇಲ್ಲೇ ಇರ್ತೀರಿ, ಇನ್ನೊಬ್ಬರನ್ನ ಕೆಳಗೆ ಬಸ್ಸು ನಿಲ್ಲೋ ಕಡೆ ಕಾವಲಿಗೆ ಹಾಕ್ತೀವಿ. ಯಾರು ಅಂತ ಮೂವತ್ತನೇ ತಾರೀಕು ಹೇಳ್ತೀನಿ. ಹೇಳೋದೇನಾದ್ರೂ ಇದ್ರೆ ಬರೆದು ಕೊಡಿ."

ಬಸ್ಸು ನಿಲ್ಲುವ ಕಡೆ ಎಂದರೆ ಹೊಗೆ, ಧೂಳು, ಪ್ರವಾಸಿಗರಿಗೆ ಪ್ಲಾಸ್ಟರ್ ಬೆಕ್ಕಿನ ಗೊಂಬೆ ಮಾರುವವರ ಗಲಾಟೆ. ನಾನು ಲಕ್ಸರಿನಲ್ಲಿ, ನೈಲ್ ನದಿಯ ಈ ದಡದಲ್ಲಿ, ಇಪ್ಪತ್ತಾರು ವರ್ಷ ಫೇರೋ ರಾಜನ ಉಗ್ರಾಣದ ಅಧಿಕಾರಿಯ ಗೋರಿ ಕಾದವನು. ಸತ್ತು ಮೂರೂವರೆ ಸಾವಿರ ವರ್ಷವಾದರೂ ಅವನು ಮರ್ಯಾದಸ್ಥ ಮನುಷ್ಯ. ಅವನನ್ನು ಬಿಟ್ಟು ಬಸ್ಸು ಕಾಯಲು ನಾನು ತಯಾರಿಲ್ಲ.

ಆ ಇಪ್ಪತ್ತಾರು ವರ್ಷವೂ ಜೊತೆಯಲ್ಲಿ ಈ ತವ್ವಾಬ್. ಕೊನೆಯ ಹನ್ನೊಂದು ವರ್ಷದಿಂದ ನಮಗೆ ಮಾತಿಲ್ಲ. ಸಂತರ ಉರುಸಿನಲ್ಲಿ ಇಬ್ಬರೂ ಕೋಲುವರಸೆಗೆ ಇಳಿದಿದ್ದೆವು. ಕೋಲು ಮೈಗೆ ತಾಕಿತು ಅನ್ನಿಸಬೇಕು, ತಾಕಬಾರದು. ಇದು ತೊಟ್ಟಿಲ ಕೂಸಿಗೂ ಗೊತ್ತಿರುವ ನಿಯಮ. ಅವನ ಕೋಲು ನನ್ನ ಪೇಟಕ್ಕೆ ತಾಕಿತು, ಪೇಟ ಮಣ್ಣಿಗೆ ಬಿತ್ತು. ನದಿಯ ಎರಡೂ ದಡದ ಜನ ನನ್ನ ಬೋಳು ತಲೆ ನೋಡಿದರು. ಅವನು ಕ್ಷಮೆ ಕೇಳಿದನೇ? ಇಲ್ಲ. ಪೇಟ ಎತ್ತಿ, ಧೂಳು ಕೊಡವಿ, ಕೂಸಿಗೆ ಕುಲಾವಿ ತೊಡಿಸುವ ಹಾಗೆ ನನ್ನ ತಲೆಗಿಟ್ಟ. ಅಂದಿನಿಂದ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ.

ಇಂದಿನ ತಪ್ಪುಗಳು. ಒಂದು: ಹತ್ತು ನಿಮಿಷ ತಡ. ಎರಡು: ತಿಂಡಿಗೆ ಹಸಿ ಈರುಳ್ಳಿ, ಅದೂ ಗಾಳಿ ನನ್ನ ಕಡೆಗೇ ಬೀಸುವ ಹಾಗೆ ಕೂತು. ಮೂರು: ಡಾಕ್ಟರಮ್ಮ ಮಾತಾಡುವಾಗ ಬೇಕಾದ್ದಕ್ಕಿಂತ ಹೆಚ್ಚು ತಲೆಯಾಡಿಸಿದ.

ನವೆಂಬರ್ 4, ಮಂಗಳವಾರ

ನಾಲ್ಕು: ಬೆಳಕನ್ನು ಗೋಡೆಯ ಚಿತ್ರದಲ್ಲಿರುವ ಅಧಿಕಾರಿಯ ಹೆಂಡತಿಯ ಮುಖಕ್ಕೆ ಕೊಡುವ ಬದಲು ನನ್ನ ಕಣ್ಣಿಗೇ ಕೊಟ್ಟ. ಬೇಕೆಂದೇ ಮಾಡಿದ್ದು.

ನಮ್ಮ ಕೆಲಸ ಇಷ್ಟೇ. ಅವನು ಹೊರಗೆ ಬಿಸಿಲಲ್ಲಿ ನಿಂತು ದೊಡ್ಡ ಕನ್ನಡಿಯಿಂದ ಸೂರ್ಯನನ್ನು ಬಾಗಿಲೊಳಗೆ ಕಳಿಸಬೇಕು. ನಾನು ಒಳಗೆ ಬೇಗಡೆ ಅಂಟಿಸಿದ ಹಲಗೆ ಹಿಡಿದು ಅದನ್ನು ಗೋಡೆಗೆ ಬಳಿಯಬೇಕು. ಬಾತುಕೋಳಿ ಅಂದರೆ ಬಾತುಕೋಳಿ, ದ್ರಾಕ್ಷಿ ಅಂದರೆ ದ್ರಾಕ್ಷಿ, ನೋಡುವವರಿಗೆ ಒಂದೊಂದಾಗಿ ತೋರಿಸಬೇಕು. ಇದಕ್ಕೆ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡು ಮಾಡಿದರೆ ಸುಲಭ. ನಾವು ಮಾತಾಡುವುದಿಲ್ಲವಾದ್ದರಿಂದ ನಾನು ಎಡಗೋಡೆಯ ಚಿತ್ರದ ಕತ್ತೆಗೆ ಹೇಳುತ್ತೇನೆ. ಧಾನ್ಯದ ಮೂಟೆ ಹೊತ್ತು ನಡುದಾರಿಯಲ್ಲಿ ಕುಕ್ಕರಿಸಿದ ಕತ್ತೆ ಅದು. ತವ್ವಾಬ್ ತನ್ನ ಕನ್ನಡಿಗೆ ಹೇಳುತ್ತಾನೆ.

"ನೋಡಪ್ಪಾ ಕತ್ತೆರಾಯ, ಕೆಲವರಿಗೆ ಸೂರ್ಯ ಯಾವ ಕಡೆ ಹುಟ್ತಾನೆ ಅನ್ನೋದೇ ಇನ್ನೂ ಗೊತ್ತಾಗಿಲ್ಲ," ಎಂದೆ.

ಹೊರಗಿನಿಂದ ಉತ್ತರ ಬಂತು. "ಕನ್ನಡೀ, ಒಳಗಿರೋರ ಹಲಗೆ ಸೊಟ್ಟಗಿದ್ರೆ ಸೂರ್ಯ ಏನು ಮಾಡ್ತಾನೆ, ನೀನೇ ಹೇಳು."

ಐದು: ಎದುರುತ್ತರ.

ನವೆಂಬರ್ 6, ಗುರುವಾರ

ಎಪ್ಪತ್ತು ದಾಟಿದ ಆಸ್ಟ್ರಿಯಾದ ಅಜ್ಜಿಯೊಬ್ಬರು ಬಂದಿದ್ದರು. ನಮ್ಮ ಭಾಷೆ ಚೆನ್ನಾಗಿ ಕಲಿತಿದ್ದರು, ಅದೇ ಅವರಿಗೆ ಮುಳುವಾಯಿತು. ಬೆಳಕು ಮತ್ತೆ ಗೋಡೆಯ ಕೆಳಗೆ ಬಿದ್ದಿತ್ತು. "ಅಮ್ಮಾ, ಹೊರಗಿರೋ ಮನುಷ್ಯನಿಗೆ ಒಂದು ಗೇಣು ಮೇಲೆ ಎತ್ತೋಕೆ ಹೇಳಿ," ಎಂದೆ. ಅವರು ಹೋಗಿ ಹೇಳಿ ಬಂದರು.

"ಅವರು ಹೇಳ್ತಾರೆ, ಎತ್ತಿದ್ದೀನಿ, ಒಳಗಿರೋರು ಕಣ್ಣು ಬಿಟ್ಟು ನೋಡಲಿ ಅಂತ."

"ಎತ್ತಿದ್ರೆ ನಾನು ಯಾಕೆ ಕತ್ತೆ ಕಾಲು ನೋಡ್ತಾ ನಿಂತಿದ್ದೀನಿ ಅಂತ ಕೇಳಿ."

ಹೀಗೆ ಆ ಅಜ್ಜಿ ಏಳು ಸಲ ಒಳಗೂ ಹೊರಗೂ ಓಡಾಡಿದರು. ಎಂಟನೇ ಸಲಕ್ಕೆ ಮೆಟ್ಟಿಲ ಮೇಲೆ ಕೂತು ನೀರು ಕುಡಿದರು. "ನಾನೂ ನನ್ನ ಗಂಡನೂ ಬೇರೆ ಆದಾಗ ಈ ಕೆಲಸ ವಕೀಲರು ಮಾಡಿದ್ರು. ಅವರಿಗೆ ಮೆಟ್ಟಿಲು ಹತ್ತೋದು ಇರಲಿಲ್ಲ," ಎಂದರು. ಹೊರಗೆ ತವ್ವಾಬ್ ನಕ್ಕಿದ್ದು ಕೇಳಿಸಿತು. ಹತ್ತನೆಯ ತಪ್ಪು.

ಒಂದು ವಿಷಯ ಇತ್ತೀಚೆಗೆ ಗಮನಿಸುತ್ತಿದ್ದೇನೆ. ಅವನ ಬೆಳಕು ಪ್ರತಿ ಸಲ ಒಂದು ಗೇಣು ಕೆಳಗೇ ಬೀಳುತ್ತದೆ. ಮೊದಲು ಬಾತುಕೋಳಿಯ ಕಣ್ಣಿಗೆ ಇಡು ಎಂದರೆ ಕಣ್ಣಿಗೇ ಇಡುತ್ತಿದ್ದ ಮನುಷ್ಯ. ಸೋಮಾರಿತನ ಎಂದು ಬರೆದುಕೊಂಡಿದ್ದೇನೆ.

ನವೆಂಬರ್ 9, ಭಾನುವಾರ

ಕರೆಂಟಿನವರು ಬಂದು ತಂತಿ ಹೂಳಲು ನೆಲ ಅಗೆಯುತ್ತಿದ್ದಾರೆ. ತವ್ವಾಬ್ ಅವರಿಗೆ ಟೀ ಕಾಯಿಸಿ ಕೊಟ್ಟ. ತನ್ನ ಕೆಲಸ ಕಿತ್ತುಕೊಳ್ಳಲು ಬಂದವರಿಗೆ ಟೀ ಕೊಡುವ ಮನುಷ್ಯನನ್ನು ಏನನ್ನಬೇಕು? ಹದಿನೇಳನೆಯ ತಪ್ಪು. ಲೋಟ ಉಳಿದಿತ್ತೆಂದು ನನ್ನ ಹಲಗೆಯ ಪಕ್ಕದಲ್ಲೂ ಒಂದು ಇಟ್ಟು ಹೋದ. ಚೆಲ್ಲಿದರೆ ಸಕ್ಕರೆ ದಂಡ, ಅದಕ್ಕೆ ಕುಡಿದೆ.

ಮನೆಯಲ್ಲಿ ಊಟದ ಹೊತ್ತಿಗೆ ಹೆಂಡತಿ ನಬವಿಯ್ಯಳಿಗೆ ಇದನ್ನೆಲ್ಲ ಹೇಳಿದೆ. ಅವಳು ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು.

"ತವ್ವಾಬ್ ಹೀಗಂದ, ತವ್ವಾಬ್ ಹಾಗೆ ಕೆಮ್ಮಿದ. ಬೇರೆ ಮಾತೇ ಇಲ್ವಾ ನಿಮಗೆ? ಈಗ ಪುಸ್ತಕ ಬೇರೆ. ನನ್ನ ಕಟ್ಟಿಕೊಂಡು ಮೂವತ್ತೆರಡು ವರ್ಷ ಆಯ್ತು, ನನ್ನ ಮೇಲೆ ಒಂದು ಸಾಲು ಬರೆದಿದ್ದೀರಾ?"

"ನೀನು ಏನು ತಪ್ಪು ಮಾಡಿದ್ದೀಯ ಬರೆಯೋಕೆ?"

"ಮಾಡಿದ್ರೂ ನಿಮ್ಮ ಕಣ್ಣಿಗೆ ಬೀಳಲ್ಲ ಬಿಡಿ," ಎಂದು ಸೊಪ್ಪಿನ ಸಾರಿನ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ನವೆಂಬರ್ 10, ಸೋಮವಾರ

ಇಂದು ತಪ್ಪು ಮಾಡಲಿಲ್ಲ. ಏನೋ ಮಸಲತ್ತು ಇರಬೇಕು.

ನವೆಂಬರ್ 13, ಗುರುವಾರ

ತವ್ವಾಬ್ ಬರಲೇ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಹೀಗೆ ಆಗಿದ್ದು ಎರಡು ಸಲ, ಒಮ್ಮೆ ಅವನ ತಾಯಿ ಸತ್ತಾಗ, ಒಮ್ಮೆ ನನ್ನ ತಾಯಿ ಸತ್ತಾಗ. ಇಪ್ಪತ್ತನಾಲ್ಕನೆಯ ತಪ್ಪು: ಹೇಳದೆ ಕೇಳದೆ ಗೈರುಹಾಜರಿ.

ಪಕ್ಕದ ಗೋರಿಯ ಕಿನಾವಿ ಕನ್ನಡಿ ಹಿಡಿಯಲು ಬಂದ. ಒಳ್ಳೆಯವನು, ಆದರೆ ಅವನ ಕೈಯಲ್ಲಿ ಬೆಳಕು ಬುಟ್ಟಿಗೆ ಹಾಕಿದ ಮೀನಿನ ಹಾಗೆ ಒದ್ದಾಡಿತು. ಫ್ರೆಂಚ್ ಹೆಂಗಸೊಬ್ಬಳಿಗೆ ತಲೆ ಸುತ್ತಿ ಹೊರಗೆ ಕೂರಿಸಬೇಕಾಯಿತು. ನಾನು ಕತ್ತೆಗೆ ನಾಲ್ಕು ಮಾತು ಹೇಳಿದೆ. ಹೊರಗಿನಿಂದ ಉತ್ತರ ಬರಲಿಲ್ಲ. ಕಿನಾವಿ ಮಾತ್ರ ಇಣುಕಿ, "ಯಾರ ಜೊತೆ ಮಾತಾಡ್ತಿದ್ದೀರಿ ಶಾಜ್ಲಿ ಮಾವ? ಹುಷಾರಾಗಿದ್ದೀರಿ ತಾನೆ?" ಎಂದು ಕೇಳಿದ.

ನಬವಿಯ್ಯ ಪಾರಿವಾಳದ ಸಾರು ಮಾಡಿದ್ದಳು. ಹೆಚ್ಚಾಗಿತ್ತು. ತವ್ವಾಬನ ಹೆಂಡತಿ ಅತಿಯ್ಯಾತ್‌ಳಿಗೆ ಒಂದಿಷ್ಟು ಕೊಟ್ಟು ಬಾ ಎಂದೆ. ನೆರೆಹೊರೆ ಅಂದಮೇಲೆ ಕೊಡುವುದು ಧರ್ಮ. ನಡುವೆ ಕಾಲುವೆ, ಸೇತುವೆ, ಮೂರು ಓಣಿ ಇದ್ದರೂ ನೆರೆಹೊರೆಯೇ.

ನವೆಂಬರ್ 15, ಶನಿವಾರ

ಸಿಕ್ಕಿತು. ಇನ್ನು ನನಗೆ ಬೇರೆ ತಪ್ಪು ಬೇಕಾಗಿಲ್ಲ.

ಅತಿಯ್ಯಾತ್ ನಬವಿಯ್ಯಳ ಹತ್ತಿರ ಆಣೆ ಹಾಕಿಸಿಕೊಂಡು ಹೇಳಿದ್ದಾಳೆ. ನಬವಿಯ್ಯ ಆಣೆಯನ್ನು ಸೇತುವೆ ದಾಟುವವರೆಗೂ ಕಾಪಾಡಿಕೊಂಡು ಬಂದು ನನಗೆ ಹೇಳಿದಳು. ತವ್ವಾಬನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎಡಗಣ್ಣು ಪೂರ್ತಿ ಹೋದ ಹಾಗೇ, ಬಲಗಣ್ಣು ಮಂಜು. ಇಪ್ಪತ್ತಾರು ವರ್ಷ ಕನ್ನಡಿಯೊಳಗಿನ ಸೂರ್ಯನನ್ನು ನೋಡಿದ್ದಕ್ಕೋ, ವಯಸ್ಸಿಗೋ, ಗೊತ್ತಿಲ್ಲ. ಗುರುವಾರ ಗುಡ್ಡ ಹತ್ತುವಾಗ ಕಾಣದೆ ಎಡವಿ ಬಿದ್ದು ಮೊಣಕಾಲು ಊದಿತ್ತಂತೆ. ಆಪರೇಷನ್ ಮಾಡಿಸಿಕೋ ಎಂದರೆ ಇಲಾಖೆಗೆ ಗೊತ್ತಾದೀತು, ಕಣ್ಣಿಲ್ಲದವನೆಂದು ಬಸ್ಸಿನ ಕಡೆಗೆ ತಳ್ಳಿಬಿಟ್ಟಾರು ಎಂದು ಹೆದರಿಕೆಯಂತೆ.

ಅಂದರೆ ಬೆಳಕು ಒಂದು ಗೇಣು ಕೆಳಗೆ ಬೀಳುತ್ತಿದ್ದದ್ದು ಸೋಮಾರಿತನದಿಂದಲ್ಲ.

ಅರ್ಜಿಗೆ ಒಂದೇ ಸಾಲು ಸಾಕು. ಕನ್ನಡಿಯವನಿಗೆ ಕಣ್ಣು ಕಾಣುವುದಿಲ್ಲ. ಆದರೆ ಇಷ್ಟು ದೊಡ್ಡ ವಿಷಯವನ್ನು ಅವಸರದಲ್ಲಿ ಬರೆಯಬಾರದು. ಇನ್ನೂ ಕೆಲವು ದಿನ ಸರಿಯಾಗಿ ಗಮನಿಸಿ ಬರೆಯುತ್ತೇನೆ.

ನವೆಂಬರ್ 17, ಸೋಮವಾರ

ತವ್ವಾಬ್ ಕುಂಟುತ್ತ ಬಂದ. ಗಮನಿಸುತ್ತಿದ್ದೇನೆ. ಗಮನಿಸುವುದಕ್ಕೆ ಅನುಕೂಲವಾಗಲೆಂದು ಹಲಗೆಯನ್ನು ಒಂದು ಗೇಣು ಕೆಳಗೆ ಹಿಡಿಯುತ್ತಿದ್ದೇನೆ. ಬಗ್ಗಿ ಬಗ್ಗಿ ಸೊಂಟ ನೋಯುತ್ತಿದೆ.

ಕತ್ತೆಯ ಹತ್ತಿರ ಸ್ವಲ್ಪ ಹೆಚ್ಚೇ ಮಾತಾಡಿದೆ. "ಕತ್ತೆರಾಯ, ಒಂದು ಗೇಣು ಮೇಲೆ. ಹಾಂ, ಈಗ ಎರಡು ಬೆರಳು ಬಲಕ್ಕೆ. ಸಾಕು. ಕತ್ತೆರಾಯ, ಆ ದಡದಲ್ಲಿ ಒಂದು ಕಣ್ಣಾಸ್ಪತ್ರೆ ಇದೆಯಂತೆ. ಬೆಳಿಗ್ಗೆ ಹೋದ್ರೆ ಸಂಜೆಗೆ ಮನೆಗೆ ಕಳಿಸ್ತಾರಂತೆ. ನೋವೇ ಇಲ್ವಂತೆ."

ಹೊರಗೆ ಅವನು ಕನ್ನಡಿ ಒರೆಸುವ ಸದ್ದು ಕೇಳಿಸಿತು. ಆಮೇಲೆ ಅವನು ಕನ್ನಡಿಗೆ ಹೇಳಿದ: "ಪಾರಿವಾಳದ ಸಾರಿಗೆ ಉಪ್ಪು ಕಮ್ಮಿ ಇತ್ತು."

ಮೂವತ್ತನೆಯ ತಪ್ಪು: ಉಪಕಾರ ಸ್ಮರಣೆ ಇಲ್ಲ.

ನವೆಂಬರ್ 19, ಬುಧವಾರ

ಡಾಕ್ಟರಮ್ಮ ಹೇಳದೆ ಕೇಳದೆ ಆರು ಜನ ದೊಡ್ಡವರನ್ನು ಕರೆದುಕೊಂಡು ಬಂದರು. ಎಲ್ಲರೂ ಸೂಟು, ಬೂಟು. "ಕರೆಂಟು ಬರೋ ಮುಂಚೆ ಹಳೇ ಪದ್ಧತಿ ಒಂದ್ಸಲ ನೋಡಲಿ ಅಂತ," ಎಂದರು.

ತವ್ವಾಬ್ ಗಾಬರಿಯಾದ. ಗಾಬರಿಯಲ್ಲಿ ಬೆಳಕು ಎಲ್ಲೆಲ್ಲಿಗೋ ಹೋಯಿತು. ಒಮ್ಮೆ ಚಾವಣಿಗೆ, ಒಮ್ಮೆ ನೆಲಕ್ಕೆ, ಒಮ್ಮೆ ದೊಡ್ಡವರೊಬ್ಬರ ಹೊಟ್ಟೆಗೆ. ನಾನು ಹಲಗೆ ಎತ್ತಿಕೊಂಡು ಅದರ ಹಿಂದೆ ಓಡಿದೆ. ಚಾವಣಿಗೆ ಹೋದರೆ ಹಾರಿ ಹಿಡಿದೆ, ನೆಲಕ್ಕೆ ಬಿದ್ದರೆ ಮಂಡಿಯೂರಿ ಹಿಡಿದೆ. ಐವತ್ತೆಂಟು ವರ್ಷದ ಮೈ. ಕೋಳಿ ಹಿಡಿಯುವವನ ಹಾಗೆ ಕಂಡಿರಬೇಕು. ಬಾತುಕೋಳಿ ತೋರಿಸಿದೆ, ದ್ರಾಕ್ಷಿ ತೋರಿಸಿದೆ, ಅಧಿಕಾರಿಯ ಹೆಂಡತಿಯ ಹತ್ತಿರ ಬರುವಾಗ ಕಾಲು ತೊಡರಿ ಹಲಗೆಯ ಸಮೇತ ಮಗುಚಿದೆ.

"ಏನಾಯ್ತು? ಕನ್ನಡಿ ಸರಿ ಇಲ್ವಾ?" ಡಾಕ್ಟರಮ್ಮ ಕೇಳಿದರು.

ಇದೇ ಸರಿಯಾದ ಸಮಯ ಎಂದು ನನಗೂ ಗೊತ್ತಿತ್ತು. "ಕನ್ನಡಿ ಸರಿಯಾಗೇ ಇದೆ. ನನ್ನ ನಿಲುವಂಗಿ ಉದ್ದ ಆಯ್ತು," ಎಂದೆ.

ದೊಡ್ಡವರ ಮುಂದೆ ಮನೆಯ ವಿಷಯ ಬಿಚ್ಚಿಡಬಾರದು, ಅದಕ್ಕೇ ಹಾಗೆ ಹೇಳಿದ್ದು. ಅವರು ಹೋದ ಮೇಲೆ ಕೂತು ಮೊಣಕೈ ನೋಡಿಕೊಂಡೆ. ಬಾಗಿಲಲ್ಲಿ ತವ್ವಾಬ್ ನಿಂತಿದ್ದ. ಏನೂ ಹೇಳಲಿಲ್ಲ. ಅವನ ಕನ್ನಡಿ ಹೊರಗಿತ್ತಲ್ಲ, ಯಾರಿಗೆ ಹೇಳಿಯಾನು.

ನವೆಂಬರ್ 23, ಭಾನುವಾರ

ದೀಪ ಹಾಕಿದರು. ಗುಂಡಿ ಒತ್ತಿದರೆ ಸಾಕು, ಮೂಲೆ ಮೂಲೆಯೂ ಒಟ್ಟಿಗೆ ಬೆಳಗುತ್ತದೆ. ಬಿರುಕು, ಬಾವಲಿಯ ಕಲೆ, ಹಿಂದಿನವರು ಒರಟಾಗಿ ಮೆತ್ತಿದ ಗಾರೆ, ಎಲ್ಲ ಕಂಡವು. ಅಧಿಕಾರಿಯ ಹೆಂಡತಿಯ ಮೂಗು ಉದುರಿದೆ ಎಂದು ಇಪ್ಪತ್ತಾರು ವರ್ಷದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ನಾವು ಆ ಕಡೆಯಿಂದ ಬೆಳಕು ಕೊಡುತ್ತಿರಲಿಲ್ಲ.

ಜನ ಬಂದರು, ತಲೆ ಒಮ್ಮೆ ತಿರುಗಿಸಿದರು, ಹೋದರು. ಮೂರು ನಿಮಿಷ. ನಾನು ಗಡಿಯಾರ ನೋಡಿದ್ದೇನೆ. ಮೊದಲು ಅರ್ಧ ಗಂಟೆಯಾಗದೆ ಯಾರೂ ಹೊರಗೆ ಬರುತ್ತಿರಲಿಲ್ಲ.

ತವ್ವಾಬ್ ಕನ್ನಡಿಯನ್ನು ಗೋಡೆಗೆ ಒರಗಿಸಿ ಅದರ ಪಕ್ಕದಲ್ಲಿ ಕೂತಿದ್ದ. ಈರುಳ್ಳಿ ತಂದಿರಲಿಲ್ಲ. ಒಂದು ತರಬಾರದಿತ್ತೇ ಎನ್ನಿಸಿತು.

ನವೆಂಬರ್ 24, ಸೋಮವಾರ

ಅರ್ಜಿ ತೆಗೆದುಕೊಂಡು ಡಾಕ್ಟರಮ್ಮನ ಕಚೇರಿಗೆ ಹೋದೆ. ಅವರು ಓದಿದರು. ಮತ್ತೆ ತಿರುಗಿಸಿ ಹಿಂದಿನ ಪುಟ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಶಾಜ್ಲಿಯವರೇ, ಮೂರು ವಾರ ಹುಡುಕಿ ನಿಮಗೆ ಸಿಕ್ಕಿದ್ದು ಈರುಳ್ಳಿ ಒಂದೇನಾ?"

"ಈರುಳ್ಳಿ ಸಣ್ಣ ವಿಷಯ ಅಲ್ಲ ಡಾಕ್ಟರಮ್ಮ. ದಿನಾ ತಿಂತಾನೆ."

"ಕಣ್ಣಿನ ವಿಷಯ ಬರೆದೇ ಇಲ್ಲ."

ನಾನು ಪೇಟ ಸರಿಮಾಡಿಕೊಂಡೆ. "ಯಾರ ಕಣ್ಣು?" ಎಂದೆ.

"ನನಗೂ ಎರಡು ಕಣ್ಣಿದೆ. ಅವತ್ತು ಬೆಳಕು ಸಚಿವಾಲಯದೋರ ಹೊಟ್ಟೆ ಮೇಲೆ ಓಡಾಡ್ತಿತ್ತು, ನೀವು ಅದರ ಹಿಂದೆ ಓಡಾಡ್ತಿದ್ರಿ." ಅವರು ನಗು ತಡೆದುಕೊಳ್ಳುತ್ತಿದ್ದರು ಎಂದು ನನ್ನ ಅನುಮಾನ. "ಈಗ ಕೇಳಿ. ಮೇಲಿನ ಸಾಲಲ್ಲಿ ಇನ್ನೊಂದು ಗೋರಿ ತೆಗೀತಿದ್ದೀವಿ. ಅದರ ಬಣ್ಣ ದೀಪದ ಬಿಸಿ ತಡೆಯಲ್ಲ, ಅಲ್ಲಿಗೆ ಕರೆಂಟು ಬರಲ್ಲ. ಕನ್ನಡಿ ಗೊತ್ತಿರೋ ಇಬ್ಬರು ಬೇಕು. ನಿಮ್ಮಿಬ್ಬರನ್ನೂ ಕಳಿಸೋಕೆ ನನಗೆ ಇಷ್ಟ. ಆದ್ರೆ ಅವರ ಕಣ್ಣು ಸರಿಯಾಗಬೇಕು, ಆಸ್ಪತ್ರೆಗೆ ನಾನು ಚೀಟಿ ಕೊಡ್ತೀನಿ. ಇನ್ನೊಂದು, ಅಲ್ಲಿ ದಾರಿ ಬಂಡೆ ಅಂಚಲ್ಲಿದೆ. 'ಜೋಪಾನ' ಅಂತ ಒಬ್ಬರಿಗೊಬ್ಬರು ಕೂಗಿ ಹೇಳದೋರನ್ನ ನಾನು ಅಲ್ಲಿ ನಿಲ್ಲಿಸಲ್ಲ. ರಾಜಿಯಾಗಿ, ನಾಲ್ಕು ಜನರ ಎದುರು. ಭಾನುವಾರದೊಳಗೆ. ಇಲ್ಲಾಂದ್ರೆ ಒಬ್ಬರು ಗುಂಡಿ ಒತ್ತೋಕೆ, ಒಬ್ಬರು ಬಸ್ಸಿಗೆ. ಅವರಿಗೂ ಇದೇ ಮಾತು ಹೇಳಿದ್ದೀನಿ."

ಇನ್ನು ಆರು ದಿನ.

ನವೆಂಬರ್ 26, ಬುಧವಾರ

ಎರಡು ದಿನದಿಂದ ಅವನು ಬಂದು ರಾಜಿ ಕೇಳಲಿ ಎಂದು ಕಾಯುತ್ತಿದ್ದೇನೆ. ಬರಲಿಲ್ಲ. ಅವನೂ ಕಾಯುತ್ತಿರಬೇಕು. ಹಟಮಾರಿ.

ನಬವಿಯ್ಯ ಬಟ್ಟೆ ಮಡಿಸುತ್ತ ಸುಮ್ಮನೆ ಕೇಳಿದಳು: "ಅವರನ್ನ ಬಸ್ಸಿನ ಕಡೆ ಹಾಕಿದ್ರೆ ಆ ಕಣ್ಣಲ್ಲಿ ಬಸ್ಸು ಹೇಗೆ ಕಾಣತ್ತೆ?"

ಆ ಮಾತು ನನಗೆ ಹೊಳೆದಿರಲಿಲ್ಲ. ಆಮೇಲೆ ಊಟ ಸೇರಲಿಲ್ಲ.

ನಮ್ಮಲ್ಲಿ ದೊಡ್ಡ ಜಗಳ ಮುಗಿಸುವ ಕ್ರಮ ಒಂದೇ. ತಪ್ಪಿತಸ್ಥ, ಸತ್ತಾಗ ತನಗೆ ಸುತ್ತಬೇಕಾದ ಕಫನ್ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ಬರಿತಲೆಯಲ್ಲಿ ಊರ ನಡುವೆ ನಡೆದು ಹೋಗಿ ಎದುರಾಳಿಯ ಬಾಗಿಲಲ್ಲಿ ನಿಲ್ಲಬೇಕು. ನನ್ನ ಪ್ರಾಣ ನಿನ್ನದು, ತೆಗಿ ಅಥವಾ ಬಿಡು ಎಂದು ಅರ್ಥ. ಇದು ಕೊಲೆ ಮಾಡಿದವರಿಗೆ ಇರುವ ಕ್ರಮ. ಪೇಟಕ್ಕೆ ಏನು ಕ್ರಮ ಎಂದು ಯಾರೂ ಹೇಳಿಲ್ಲ. ಬರಿತಲೆ ಅನ್ನುವುದು ನನಗೆ ಸರಿಬರುವುದಿಲ್ಲ. ಅದಕ್ಕೇ ತಾನೆ ಹನ್ನೊಂದು ವರ್ಷ ಹಿಡಿದದ್ದು.

ಪೆಟ್ಟಿಗೆಯಿಂದ ಕಫನ್ ತೆಗೆ ಎಂದೆ. ನಬವಿಯ್ಯಳ ತಾಯಿ ಹಜ್‌ನಿಂದ ತಂದುಕೊಟ್ಟಿದ್ದು. ಅವಳು ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. "ಕೊಳೆ ಮಾಡ್ಕೊಂಡು ಬರಬೇಡಿ. ಆಮೇಲೆ ಬೇಕಾಗತ್ತೆ," ಎಂದಳು ಅಷ್ಟೇ.

ಕೆಲಸಕ್ಕೋಸ್ಕರ ಮಾಡುತ್ತಿದ್ದೇನೆ. ಬೇರೆ ಕಾರಣವಿಲ್ಲ.

ನವೆಂಬರ್ 27, ಗುರುವಾರ

ಎಲ್ಲವನ್ನೂ ಬರೆಯಲೇಬೇಕು.

ಬೆಳಿಗ್ಗೆ ಎಂಟಕ್ಕೆ ಪೇಟ ಬಿಚ್ಚಿ ಗೂಟಕ್ಕೆ ಹಾಕಿದೆ. ತಲೆಗೆ ಗಾಳಿ ತಾಕಿತು. ಚಪ್ಪಲಿ ಬಿಟ್ಟೆ. ಕಫನ್ ಎರಡೂ ಅಂಗೈ ಮೇಲೆ ಇಟ್ಟುಕೊಂಡು ಹೊರಟೆ. ಓಣಿ ತಿರುಗುವ ಮೊದಲೇ ಊರು ತಣ್ಣಗಾಯಿತು. ಹೆಂಗಸರು ಕೋಳಿಗಳನ್ನೂ ಒಳಗೆ ಕರೆದುಕೊಂಡು ಬಾಗಿಲು ಹಾಕಿದರು. ಕ್ಷೌರದವನು ಅರ್ಧ ಗಡ್ಡದ ಗಿರಾಕಿಯನ್ನು ಅಲ್ಲೇ ಬಿಟ್ಟು ನನ್ನ ಹಿಂದೆ ಬಂದ. ಗಿರಾಕಿಯೂ ಬಂದ. "ಶಾಜ್ಲಿ ಯಾರನ್ನೋ ಕೊಂದಿದ್ದಾನೆ" ಎಂಬ ಸುದ್ದಿ ನನಗಿಂತ ಮುಂದೆ ಓಡಿತು.

ಕಾಲುವೆಯ ಸೇತುವೆ ಹತ್ತುವಾಗ ಆ ಕಡೆಯಿಂದಲೂ ಒಂದು ಗುಂಪು ಬರುವುದು ಕಂಡಿತು. ಮುಂದೆ ಉದ್ದನೆಯ ಆಸಾಮಿ. ಬರಿತಲೆ, ಬರಿಗಾಲು, ಕೈಯಲ್ಲಿ ಬಿಳಿ ಬಟ್ಟೆ. ಕಾಲಲ್ಲಿ ನೆಲ ತಡವುತ್ತ ಬರುತ್ತಿದ್ದ.

ಸೇತುವೆಯ ನಡುವೆ ಇಬ್ಬರೂ ನಿಂತೆವು. ಪಕ್ಕದ ಟೀ ಅಂಗಡಿಯಲ್ಲಿ ಊರ ಹಿರಿಯ ದಂದರಾವಿ ಅಜ್ಜ ಕೂತಿದ್ದರು. ಒಂಬತ್ತು ಕೊಲೆಯ ವ್ಯಾಜ್ಯ ಮುಗಿಸಿದ ಮನುಷ್ಯ. ಲೋಟ ಕೆಳಗಿಟ್ಟು ಎದ್ದು ಬಂದರು.

"ಶಾಜ್ಲಿ, ಯಾರನ್ನ ಕೊಂದೆ?"

"ಯಾರನ್ನೂ ಇಲ್ಲ ಅಜ್ಜ."

"ನೀನು ಯಾರನ್ನ ಕೊಂದೆಯಪ್ಪಾ?"

"ಯಾರನ್ನೂ ಇಲ್ಲ," ತವ್ವಾಬ್ ಹೇಳಿದ. "ಇವನ ಪೇಟ ಬೀಳಿಸಿದ್ದೆ."

"ಯಾವಾಗ?"

"ಹನ್ನೊಂದು ವರ್ಷ ಆಯ್ತು."

ಅಜ್ಜ ಇಬ್ಬರ ಕೈಯನ್ನೂ ನೋಡಿದರು. "ಒಬ್ಬ ತರಬೇಕು, ಒಬ್ಬ ಬಾಗಿಲಲ್ಲಿ ನಿಂತು ತಗೋಬೇಕು. ನಮ್ಮಪ್ಪನ ಕಾಲದಿಂದ ಇರೋ ಕ್ರಮ. ಇಬ್ಬರೂ ತಂದ್ರೆ ತಗೊಳ್ಳೋರು ಯಾರು, ನಾನಾ?"

ನಾನು ತವ್ವಾಬನ ಕಡೆ ತಿರುಗಿದೆ. ಅಲ್ಲಿ ಕತ್ತೆ ಇರಲಿಲ್ಲ. "ಮನೆಗೆ ಹೋಗಿ ಬಾಗಿಲಲ್ಲಿ ನಿಂತ್ಕೋ," ಎಂದೆ.

"ನೀನು ಹೋಗು."

"ನಾನು ಮೊದಲು ಹೊರಟಿದ್ದು."

"ನಾನು ಬೆಳಗಿನ ನಮಾಜ್ ಆದ ಕೂಡ್ಲೆ ಹೊರಟಿದ್ದು. ಕಣ್ಣು ಕಾಣದೆ ಪಂಪ್‌ಸೆಟ್ ತನಕ ಹೋಗಿ ವಾಪಸ್ ಬಂದೆ."

"ಕಣ್ಣು ಕಾಣದೋನು ಒಬ್ಬನೇ ಯಾಕೆ ಹೊರಟೆ?"

"ಜೊತೆಗೆ ಬಾ ಅಂತ ಯಾರನ್ನ ಕರೀಲಿ, ನಿನ್ನನ್ನಾ?"

ಗುಂಪಿನಲ್ಲಿ ಯಾರೋ ನಕ್ಕರು. ಕವಲುದಾರಿಯ ಪೊಲೀಸಿನವನೂ ಬಂದಿದ್ದ, ಯಾರ ಹೆಸರು ಬರೆದುಕೊಳ್ಳಬೇಕೆಂದು ತಿಳಿಯದೆ ಪೆನ್ನು ಹಿಡಿದು ನಿಂತಿದ್ದ.

"ತಪ್ಪು ನಂದು," ತವ್ವಾಬ್ ಬಟ್ಟೆ ಮುಂದೆ ಚಾಚಿದ. "ತಗೋ."

"ನಂದು. ನೀನು ತಗೋ."

"ಹನ್ನೊಂದು ವರ್ಷದಿಂದ ತಪ್ಪು ನಂದೇ ಅಂತ ಊರಿಗೆಲ್ಲ ಹೇಳ್ಕೊಂಡು ಬಂದು ಈಗ ನಿಂದು ಅಂತೀಯಾ? ಕೊಡಲ್ಲ."

ಆಗ ನಾನು ನಬವಿಯ್ಯಳಿಗೂ ಹೇಳದ ಮಾತು ಬಾಯಿಂದ ಬಂತು. "ಅವತ್ತು ಪೇಟ ಸಡಿಲ ಕಟ್ಟಿದ್ದು ನಾನೇ. ಅವಸರದಲ್ಲಿದ್ದೆ. ನಿನ್ನ ಕೋಲು ತಾಕೋ ಮುಂಚೆನೇ ಜಾರ್ತಿತ್ತು. ನನಗೆ ಗೊತ್ತಿತ್ತು."

"ನನಗೂ ಗೊತ್ತಿತ್ತು," ಎಂದ ತವ್ವಾಬ್. "ಜಾರೋದು ಕಂಡೇ ಹಿಡಿಯೋಣ ಅಂತ ಕೋಲು ಚಾಚಿದೆ. ಆಗಲಿಲ್ಲ."

"ಹಂಗಂತ ಹೇಳಬಾರದಿತ್ತಾ?"

"ಯಾರಿಗೆ ಹೇಳಲಿ? ನೀನು ಮಾತು ಬಿಟ್ಟಿದ್ಯಲ್ಲ."

ಎಲ್ಲರೆದುರಿಗೆ, ಬೋಳು ತಲೆಯಲ್ಲಿ, ಅತ್ತುಬಿಟ್ಟೆ. ನಾಚಿಕೆಯಾಗಲಿಲ್ಲ. ದಂದರಾವಿ ಅಜ್ಜ ನನ್ನ ಬಟ್ಟೆ ಎತ್ತಿ ಅವನ ಕೈಗಿಟ್ಟರು, ಅವನದು ನನ್ನ ಕೈಗಿಟ್ಟರು. "ಇಬ್ಬರೂ ಕೊಂದಿದ್ದೀರಿ, ಇಬ್ಬರೂ ಸತ್ತಿದ್ದೀರಿ, ಇಬ್ಬರೂ ಕ್ಷಮಿಸಿದ್ದೀರಿ. ನನ್ನ ಟೀ ಆರಿಹೋಯ್ತು, ಹೋಗಿ," ಎಂದರು.

ನವೆಂಬರ್ 28, ಶುಕ್ರವಾರ

ಬಟ್ಟೆ ಅದಲುಬದಲಾಗಿಯೇ ಉಳಿದಿದೆ. ತವ್ವಾಬ್ ನನಗಿಂತ ಒಂದೂವರೆ ಗೇಣು ಉದ್ದ. ನಬವಿಯ್ಯ ಅವನ ಕಫನ್ ಅನ್ನು ನನ್ನ ಹೆಗಲಿಂದ ಕಾಲಿನವರೆಗೆ ಇಳಿಬಿಟ್ಟು ಅಳೆದಳು. "ಇದರಲ್ಲಿ ನಿಮ್ಮನ್ನ ಎರಡು ಸಲ ಸುತ್ತಬಹುದು. ಪಾಪ, ಅವರ ಕಾಲು ಹೊರಗೆ ಬರತ್ತೆ," ಎಂದಳು. ವಾಪಸ್ ಕೊಟ್ಟು ಬರಲೇ ಎಂದರೆ, ಕೊಟ್ಟದ್ದನ್ನು ತೆಗೆದುಕೊಳ್ಳಬಾರದಂತೆ.

ನವೆಂಬರ್ 29, ಶನಿವಾರ

ದೋಣಿ ಹತ್ತಿಸಿ ಆ ದಡದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೊದಲು ಬಲಗಣ್ಣಂತೆ, ಎಡದ್ದು ತಿಂಗಳು ಬಿಟ್ಟು. ಸರಿಹೋದರೆ ಮಾತ್ರ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಅಲ್ಲಿನ ಡಾಕ್ಟರು ರುಜು ಹಾಕುತ್ತಾರೆ.

ಒಳಗೆ ಕರೆದುಕೊಂಡು ಹೋಗುವಾಗ ಅವನು ನನ್ನ ತೋಳು ಬಿಡಲಿಲ್ಲ. "ನೋವೇ ಇಲ್ಲ ಅಂತ ಕತ್ತೆಗೆ ಹೇಳಿದ್ಯಲ್ಲ, ನಿಜಾನಾ?" ಎಂದ. ನಿಜ ಎಂದೆ. ನನಗೇನು ಗೊತ್ತು. ಹೊರಗೆ ಬೆಂಚಿನ ಮೇಲೆ ಕೂತು ಗೊತ್ತಿರುವ ಪ್ರಾರ್ಥನೆಗಳನ್ನೆಲ್ಲ ಹೇಳಿ ಮುಗಿಸಿದೆ, ಆಮೇಲೆ ಮೊದಲಿನಿಂದ ಶುರು ಮಾಡಿದೆ.

ನವೆಂಬರ್ 30, ಭಾನುವಾರ

ಬೆಳಿಗ್ಗೆ ಪಟ್ಟಿ ಬಿಚ್ಚಿದರು. ನರ್ಸಮ್ಮ ಬೆರಳು ಎತ್ತಿ, "ಎಷ್ಟು?" ಎಂದು ಕೇಳಿದಳು.

"ಎರಡು," ಎಂದ ತವ್ವಾಬ್. "ಒಂದರ ಉಗುರು ಕಚ್ಚಿದ್ದೀಯ, ತಾಯಿ."

ಡಾಕ್ಟರು ನಕ್ಕು ರುಜು ಹಾಕಿದರು. ಆ ಕಾಗದವನ್ನು ನಾನೇ ಮಡಿಸಿ ಎದೆಯ ಜೇಬಿಗೆ ಇಟ್ಟುಕೊಂಡೆ. ಸಂಜೆ ರಬಾಬ್ ಡಾಕ್ಟರಮ್ಮನಿಗೆ ತಲುಪಿಸಿದೆ. ನಾಳೆಯಿಂದ ಮೇಲಿನ ಸಾಲು, ಇಬ್ಬರೂ. ಕಣ್ಣು ಗಟ್ಟಿಯಾಗುವವರೆಗೆ ಎರಡು ವಾರ ಅವನು ಒಳಗೆ ಹಲಗೆ ಹಿಡಿಯಬೇಕು, ನಾನು ಹೊರಗೆ ಕನ್ನಡಿ.

ಆದರೆ ಅದಕ್ಕೆ ಮೊದಲು, ಆಸ್ಪತ್ರೆಯ ಕಿಟಕಿ ಹತ್ತಿರ, ಅವನು ನನ್ನನ್ನು ನೋಡಿದ. ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿಕೊಂಡು, ಒಂದು ಗೋಡೆ ನೋಡುವಷ್ಟು ನಿಧಾನವಾಗಿ ನೋಡಿದ.

"ಶಾಜ್ಲಿ, ಯಾವಾಗ ಇಷ್ಟು ಮುದುಕ ಆದೆಯೋ?"

"ನೀನು ನೋಡದೆ ಇದ್ದಾಗ," ಎಂದೆ.

ಅವನು ಕಣ್ಣೊರೆಸಿಕೊಳ್ಳಲು ತೋಳು ಎತ್ತಿದ, ನಾನೂ ಎತ್ತಿದೆ. ಹೊಸ ಕಣ್ಣಲ್ಲಿ ಅಳಬಾರದು ಎಂದು ನರ್ಸಮ್ಮ ಇಬ್ಬರಿಗೂ ಗದರಿದಳು. ನನ್ನದು ಹಳೆಯ ಕಣ್ಣೇ ಎಂದು ಅವಳಿಗೆ ಹೇಳಿ, ಅವನ ಕೈ ಹಿಡಿದುಕೊಂಡು ದೋಣಿಯ ಕಡೆಗೆ ಇಳಿದೆ.